ಮಗಳಿಗೆ ಹೇಳಬೇಡಿ, ಸಿಸ್ಟರ್

"ಏನು, ದಾರಿ ತಪ್ಪಿ ಈ ಕಡೆ ಬಂದ್ಯಾ?"

ಪ್ರೊಜೆಕ್ಟರಿನ ಹಿಂದಿನಿಂದ ಬಂದ ದನಿಗೆ ದರ್ಜಿ ಹುಡುಗಿ ಅಮ್ಮನ ಕೈ ಹಿಡಿದೇ ತಿರುಗಿದಳು. ಬಡಾವಣೆಯ ಸಭಾಂಗಣದಲ್ಲಿ ಹಿರಿಯರಿಗಾಗಿ ಹಳೆಯ ಸಿನಿಮಾ ತೋರಿಸುತ್ತಾರೆಂದಷ್ಟೇ ಅವಳಿಗೆ ಗೊತ್ತಿತ್ತು. ತೋರಿಸುವವನು ಆ ರೇಡಿಯೋ ರಿಪೇರಿಯವನೇ ಎಂದು ಯಾರು ಹೇಳಿದ್ದರು? ಮದುವೆಯಾಗುತ್ತೇನೆಂದು ಬಂದು, ಮುದುಕಿಯ ಹೊರೆ ನನಗೆ ಬೇಡ ಎಂದು ಅಮ್ಮನ ಬಳಿ ಹೇಳಿ ಹೋದವನು...

"ಮುದುಕರು ಪರದೆ ಮೇಲಿದ್ರೆ ಮಾತ್ರ ಚೆಂದ ಅಲ್ವಾ ನಿಂಗೆ?" ಎಂದು ಕತ್ತರಿಸಿದಳು.

ಅವನ ಮುಖ ಕಪ್ಪಿಟ್ಟಿತು. ರಿಪೇರಿಯವನೆಂದರೆ ಅಸಹ್ಯಪಟ್ಟವಳು ನೀನು ಎಂದು ಅವನೂ ತಿರುಗೇಟು ಕೊಟ್ಟ. ಅವಳಿಗೆ ತಲೆಬುಡ ತಿಳಿಯಲಿಲ್ಲ. ಅಷ್ಟರಲ್ಲಿ ದೀಪ ಆರಿತು.

ಖಾಲಿಯಿದ್ದದ್ದು ಪ್ರೊಜೆಕ್ಟರಿನ ಪಕ್ಕದ ಕುರ್ಚಿಗಳು ಮಾತ್ರ. ಅಮ್ಮ ಅವಳ ಕೈ ಹಿಡಿದು ಕುಳಿತಳು. ಅದು ಯಾರ ಕೈಯೆಂಬುದೇ ಅಮ್ಮನಿಗೆ ಮರೆತುಹೋಗಿತ್ತು. ಉಣಿಸಿ, ಮೀಯಿಸಿ, ತಲೆ ಬಾಚುವ ಮಗಳು ಈಗ ಬರೀ 'ಸಿಸ್ಟರ್'.

ಪರದೆಯ ಮೇಲೆ ಮಗಳೊಬ್ಬಳು ತಾಯಿಯ ಪೆಟ್ಟಿಗೆಯನ್ನು ಹೊರಗಿಟ್ಟು ಚಿಲಕ ಹಾಕಿಕೊಂಡಳು. ಅಮ್ಮ ಅವಳ ಕಿವಿಗೆ ಬಾಗಿದಳು. ಕಿವಿ ಮಂದವಾದವರ ಗುಟ್ಟು, ನಾಲ್ಕು ಜನಕ್ಕೆ ಕೇಳುವಷ್ಟು ಜೋರು.

"ಸಿಸ್ಟರ್, ನನ್ನ ಮಗಳನ್ನ ಕೇಳ್ಕೊಂಡು ಒಬ್ಬ ರೇಡಿಯೋ ಹುಡುಗ ಬಂದಿದ್ದ. ನಿಮ್ಮನ್ನೂ ನೋಡ್ಕೋತೀನಿ ಅಂದ. ಯಾರು ನಂಬ್ತಾರೆ? ರಿಪೇರಿಯವನು ಅಂದ್ರೆ ಅಸಹ್ಯ, ಅವಳಿಗೆ ನೀನು ಬೇಡ್ವಂತೆ ಅಂದ್ಬಿಟ್ಟೆ. ಅವಳ ಹತ್ರ, ನಾನು ಹೊರೆ ಅಂತ ಅವನೇ ಹೇಳಿದ ಅಂದೆ. ಇಲ್ದಿದ್ರೆ ನಂಗ್ಯಾರು ಗತಿ? ಮಗಳಿಗೆ ಹೇಳಬೇಡಿ. ಬಿಟ್ಟು ಹೋಗ್ತಾಳೆ."

ಪಕ್ಕದಲ್ಲಿ ಅವನ ಕೈ ಪ್ರೊಜೆಕ್ಟರಿಗೆ ತಗುಲಿತು. ಚಿತ್ರ ಓರೆಯಾಗಿ ಚಾವಣಿಗೇರಿತು. ಜನ ಗೊಣಗಿದರೂ ಅವನು ಸರಿಮಾಡಲಿಲ್ಲ.

ಅವಳು ಅಮ್ಮನ ಕೈ ಬಿಟ್ಟಳು. ಎದ್ದು ಹೋಗಿಬಿಡಬೇಕು, ಇವಳನ್ನು ಈ ಕತ್ತಲಲ್ಲೇ ಬಿಟ್ಟು... ನಿಜವಾಗಿಯೂ ಹಾಗನಿಸಿತು. ಅನಿಸಿದ್ದಕ್ಕೆ ನಾಚಿಕೆಯೂ ಆಗಲಿಲ್ಲ. ಮುದಿ ಕೈ ಗಾಳಿಯಲ್ಲಿ ತಡಕಾಡಿತು.

"ಸಿಸ್ಟರ್?"

"ಹೇಳಲ್ಲ," ಎಂದು ಅವಳು ಆ ಕೈಯನ್ನು ಮತ್ತೆ ಹಿಡಿದುಕೊಂಡಳು.

ದೀಪ ಹತ್ತಿದಾಗ ಅವನು ಎದುರಿಗೆ ನಿಂತಿದ್ದ. ಕಣ್ಣುಗಳು ಕೆಂಪಾಗಿದ್ದವು.

"ಯಾರಪ್ಪಾ ನೀನು?" ಎಂದಳು ಅಮ್ಮ.

"ನಿಮ್ಮ ಮಗಳನ್ನ ಕೇಳೋಕೆ ಬಂದೋನು."

ಅಮ್ಮ ಮರುಕದಿಂದ ತಲೆಯಾಡಿಸಿದಳು. "ಅವಳಿಗೆ ನೀನು ಬೇಡ್ವಂತಪ್ಪಾ."

"ಬೇಕು," ಎಂದಳು ಅವಳು, ಅವನನ್ನೇ ನೋಡುತ್ತ. "ಆವತ್ತೂ ಬೇಕಿತ್ತು."

"ನಿಮಗೇನು ಗೊತ್ತು, ಸಿಸ್ಟರ್?"

"ಸಿಸ್ಟರ್‌ಗೆ ಎಲ್ಲಾ ಗೊತ್ತಮ್ಮ," ಎಂದು ಅವನು ಅಮ್ಮನ ಇನ್ನೊಂದು ಕೈ ಹಿಡಿದ.