ಮೈ ಬಿಸಿ ಆಯ್ತಾ?

"ಮೈ ಬಿಸಿ ಆಯ್ತಾ?"

ಮೈದಾನದಲ್ಲಿ ಕಾಲು ಹಿಡಿದು ಎಳೀತಿದ್ದವಳ ಬೆನ್ನ ಹಿಂದೆ ಗಂಡು ದನಿ! ಅವಳ ಕೈ ತಾನಾಗೇ ಮೇಲೆದ್ದಿತು. ಕೆನ್ನೆ ಅರ್ಧ ಅಡಿ ಆಚೆ ಇತ್ತು, ಬಚಾವಾಯ್ತು.

"ಯಾರ್ರೀ ನೀವು? ಹೆಣ್ಮಕ್ಕಳನ್ನ ಕೇಳೋ ಮಾತಾ ಇದು?"

"ಓಡೋಕೆ ಮುಂಚೆ ಎಲ್ರನ್ನೂ ಕೇಳ್ತೀನಿ ಮೇಡಂ. ಮೊನ್ನೆ ದೊಡ್ಡ ಸಾಹೇಬ್ರನ್ನೂ ಕೇಳ್ದೆ. ಅವರು ಕೈ ಎತ್ತಲಿಲ್ಲ."

ಅಗ್ನಿಶಾಮಕ ಠಾಣೆಯ ಹೊಸ ವ್ಯಾಯಾಮ ಮೇಷ್ಟ್ರು ಅವನು. ಬಿಸಿಯಾಗದೆ ಯಾರನ್ನೂ ಓಡಿಸಲ್ಲ ಅಂತ ಎಲ್ಲರೂ 'ಕುಕ್ಕರ್' ಅಂತಿದ್ರು. ಒಮ್ಮೆ ಅವನ ಸೀಟಿ ಕೇಳಿ ಕೆಟ್ಟು ನಿಂತಿದ್ದ ಬಸ್ಸೂ ನಾಲ್ಕು ಹೆಜ್ಜೆ ಓಡಿತಂತೆ. ಅದರ ಡ್ರೈವರ್ ಈಗಲೂ ಆಣೆ ಮಾಡಿ ಹೇಳ್ತಾನೆ.

ಅವಳು ಅದೇ ಠಾಣೆಯ ಫೋನಿನವಳು. ಆರು ವರ್ಷ "ಎಲ್ಲಿ ಬೆಂಕಿ?" ಅಂತ ಕೇಳಿ ಕೇಳಿ, ತಾನೇ ಬೆಂಕಿ ಆರಿಸೋ ಬಂಡಿ ಹತ್ತಬೇಕು ಅನ್ನಿಸಿತ್ತು. ಹೋದ ವರ್ಷ ಕುರ್ಚಿಯಿಂದ ಎದ್ದವಳೇ ಅದಕ್ಕಿರೋ ಓಟದ ಪರೀಕ್ಷೆಗೆ ಓಡಿದ್ದಳು. ಇಪ್ಪತ್ತನೇ ಹೆಜ್ಜೆಗೆ ತೊಡೆಯ ಹಿಂದೆ... ಟಪ್!

ಕಾಲು ವಾಸಿಯಾಯ್ತು. ಆ ಸದ್ದು ಮಾತ್ರ ಹೋಗಲಿಲ್ಲ. ಯಾರಾದ್ರೂ ಪೆನ್ನಿನ ಮುಚ್ಚಳ ಹಾಕಿದ್ರೂ ಎದೆ ಧಸಕ್ಕನ್ನುತ್ತೆ. ಇನ್ನು ಮೂರು ತಿಂಗಳಿಗೆ ಕೊನೇ ಪರೀಕ್ಷೆ. ಆಮೇಲೆ ವಯಸ್ಸು ಮೀರುತ್ತೆ.

"ತಣ್ಣಗಿರೋ ಕಾಲನ್ನ ಹಿಡಿದು ಎಳೀಬೇಡಿ, ಅದಕ್ಕೂ ಕೋಪ ಬರುತ್ತೆ. ಆಡಿಸಿ," ಅಂದ ಮೇಷ್ಟ್ರು. "ನನ್ನ ಭುಜ ಹಿಡ್ಕೊಂಡು ಕಾಲು ಬೀಸಿ. ಹಿಂದೆ, ಮುಂದೆ..."

ದಿನಾ ಬೆಳಿಗ್ಗೆ ಹತ್ತು ಸಲ ಬೀಸು, ಉದ್ದ ಹೆಜ್ಜೆ ಇಟ್ಟು ಕುಕ್ಕರಿಸು, ಮಂಡಿ ಎತ್ತಿ ಕುಣಿ. ಆ ಭುಜದ ಮೇಲೆ ಕೈ ಇದ್ದಷ್ಟು ಹೊತ್ತು ಟಪ್ ಕೇಳಿಸ್ತಿರಲಿಲ್ಲ.

ಪರೀಕ್ಷೆಗೆ ಒಂದು ವಾರ ಇರುವಾಗ ಅವನು ಮಾರುದೂರ ಸರಿದು ನಿಂತ.

"ಇನ್ಮೇಲೆ ಗೋಡೆ ಹಿಡ್ಕೊಳ್ಳಿ."

"ಯಾಕೆ? ನಾನೇನ್ ಮಾಡ್ದೆ?"

ಅವನು ಸೀಟಿ ಊದಿದ. ಅಷ್ಟೇ.

'ನನ್ನ ಕೈಲಿ ಆಗಲ್ಲ ಅಂತ ಗೊತ್ತಾಗಿದೆ... ಅದಕ್ಕೇ ಕೈ ಬಿಟ್ಟ!'

ಮನೇಲಿ ದೊಡ್ಡಮ್ಮ ಅಂದ್ಲು, "ಗೋಡೆ ಒಳ್ಳೇದೇ ಕಣೇ. ಕಾರಣ ಹೇಳ್ದೆ ಎದ್ದು ಹೋಗಲ್ಲ."

ಪರೀಕ್ಷೆಯ ದಿನ. ಗೇಟಿನಲ್ಲಿ ಪೇದೆ ಕೈ ಅಡ್ಡ ಇಟ್ಟ. "ಮೇಷ್ಟ್ರಿಗೆ ಒಳಗೆ ಪ್ರವೇಶ ಇಲ್ಲ."

ಅವಳು ತಿರುಗಿ ನೋಡಿದಳು. ಬೇಲಿಯಾಚೆ ಅವನು. ಓಡಬೇಕಾದವಳು ಇವಳು, ಬೆವರು ಅವನಿಗೆ.

ಇದಕ್ಕಾ... ಇದಕ್ಕಾ ಗೋಡೆ?

ಅವಳು ಗೋಡೆ ಹಿಡಿದು ಕಾಲು ಬೀಸಿದಳು. ಒಂದು... ಎರಡು... ಹತ್ತು. ಮಂಡಿ ಎತ್ತಿ ಕುಣಿದಳು. ಪಕ್ಕದವರು ನಕ್ಕರು, ನಗಲಿ.

ಹೊತ್ತು ಓಡಬೇಕಾದ ನೀರಿನ ಪೈಪು ಹೆಗಲಿಗೆ ಏರಿತು. ಸೀಟಿ! ಹದಿನೆಂಟು ಹೆಜ್ಜೆ... ಹತ್ತೊಂಬತ್ತು... ಇಪ್ಪತ್ತು...

ಇಪ್ಪತ್ತೊಂದು!

ಗೆರೆ ದಾಟಿದವಳು ನಿಲ್ಲಲೇ ಇಲ್ಲ. ಬೇಲಿವರೆಗೂ ಓಡಿದಳು.

"ಒಳಗೆ ಬಿಡಲ್ಲ ಅಂತ ಮೊದಲೇ ಹೇಳೋಕೇನಾಗಿತ್ತು, ಕುಕ್ಕರ್?"

"ಹೇಳಿದ್ರೆ ಒಂದು ವಾರ ನಿದ್ದೆ ಬಿಡ್ತಿದ್ರಿ. ಮತ್ತೆ..." ಅವನು ನೆಲ ನೋಡಿದ. "ನೀವು ಭುಜ ಹಿಡಿದಾಗ ನನಗೆ ಎಣಿಕೆ ತಪ್ಪೋಕೆ ಶುರುವಾಗಿತ್ತು. ನಿಮಗೆ ಗೊತ್ತಾಗಿಬಿಟ್ರೆ ಅಂತ... ಭಯ."

ಅವಳು ಬೇಲಿಯ ಮೇಲಿಂದ ಕೈ ಚಾಚಿ ಅವನ ಭುಜ ಹಿಡಿದಳು. ಈ ಸಲ ಎಣಿಸೋಕೆ ಏನೂ ಇರಲಿಲ್ಲ.

"ಮೈ ಬಿಸಿ ಆಯ್ತಾ, ಮೇಷ್ಟ್ರೇ?"

"ಮೂರು ತಿಂಗಳಾಯ್ತು ಮೇಡಂ... ಇನ್ನೂ ಆರಿಲ್ಲ."