ಯಾವುದರ ಅಂಚು?

ಗೋದಾಮಿನಲ್ಲಿ ಸರಕು ಇಳಿಸುವ ಕಟ್ಟೆಯ ಕೆಳಗೆ ಉಕ್ಕಿನ ತಡೆಪಟ್ಟಿ ಬಿದ್ದಿತ್ತು. ಬೋಲ್ಟುಗಳು ಇನ್ನೂ ಕಾಂಕ್ರೀಟಿನ ಚೂರುಗಳನ್ನು ಕಚ್ಚಿಕೊಂಡಿದ್ದವು. ತಳ್ಳುಗಾಡಿ ಕಟ್ಟೆಯ ಅಂಚಿನಿಂದ ಉರುಳದಂತೆ ತಡೆಯಬೇಕಾದ ಪಟ್ಟಿ, ಗಾಡಿ ಗುದ್ದಿದ್ದೇ ತಡ ಕಿತ್ತುಬಂದಿತ್ತು. ಕೆಳಗಿದ್ದ ಹಮಾಲನ ಕಾಲು ಮುರಿದಿತ್ತು.

ಪಟ್ಟಿ ಕೂರಿಸಿದವನು ಫಿಟ್ಟರ್—ಎಲ್ಲರ ಬಾಯಲ್ಲಿ ಬೋಲ್ಟಣ್ಣ. ಸಪೂರ ಬೋಲ್ಟು ಹಾಕಿದ್ದಾನೆ ಎಂಬ ಒಂದೇ ಮಾತು ಕೇಳಿ ಕೇಳಿ ಅವನ ತಲೆ ಚಿಟ್ಟುಹಿಡಿದಿತ್ತು. ಮ್ಯಾನೇಜರ್ ಪೊಲೀಸರನ್ನು ಕರೆಸುವುದಾಗಿ ಹೇಳಿದ್ದ. ಕಟ್ಟೆ ಕಟ್ಟಿದ ಮೇಸ್ತ್ರಿ ಬೋಲ್ಟಣ್ಣನ ಅಕ್ಕನ ಗಂಡ. ತಪ್ಪೊಪ್ಪಿಕೊಂಡರೆ ಬಿಟ್ಟಾರು ಎಂದು ಬುದ್ಧಿ ಹೇಳುತ್ತಿದ್ದ.

ವಿಮಾ ಕಂಪನಿಯಿಂದ ತನಿಖೆಗೆ ಬಂದ ಮೇಡಂ ಯಾರ ಮಾತಿಗೂ ಹೂಂಗುಟ್ಟದೆ ಬೋಲ್ಟುಗಳನ್ನು ತಿರುವಿ ನೋಡಿದರು.

“ಇವು ತುಂಡಾಗಿಲ್ಲ, ಬಾಗಿಲ್ಲ. ಒಡೆದಿರೋದು ಕಾಂಕ್ರೀಟು. ಅಂಚಿನಿಂದ ಎಷ್ಟು ಒಳಗೆ ಕೊರೆದ್ರಿ?”

“ಆರಿಂಚು, ಮೇಡಂ.”

ಮೇಡಂ ಕಟ್ಟೆ ಹತ್ತಿ, ಬೋಲ್ಟಿನ ತೂತಿನಿಂದ ಅಂಚಿಗೆ ಟೇಪು ಹಿಡಿದರು. “ಇಲ್ಲಿ ಮೂರೇ ಇದೆಯಲ್ಲ?”

“ಅಳೆದೇ ಕೊರೆದೆ. ಇನ್ನು ಎಷ್ಟು ಸಲ ಹೇಳ್ಲಿ?”

“ಉಳಿದ ಮೂರಿಂಚು ಇಲಿ ತಿಂತೇನೋ?” ಎಂದ ಮ್ಯಾನೇಜರ್.

ಮೇಡಂ ಕೆಳಗಿಳಿದು, ದೂರ ಸಿಡಿದಿದ್ದ ಒಂದು ದಪ್ಪ ಹೆಂಟೆ ಎತ್ತಿ ತಂದರು. ಅದರಲ್ಲಿ ಜಲ್ಲಿಯೇ ಇರಲಿಲ್ಲ; ಬರೀ ಮರಳು, ಸಿಮೆಂಟು.

“ಇಲಿ ತಿಂದಿಲ್ಲ. ಮೂರಿಂಚು ಇಲ್ಲಿದೆ—ಗಿಲಾವು.”

ಪಕ್ಕದಿಂದ ಗುದ್ದು ಬಿದ್ದಾಗ ಬೋಲ್ಟು ತನ್ನ ಮುಂದಿನ ಕಾಂಕ್ರೀಟನ್ನು ಅಂಚಿನತ್ತ ನೂಕುತ್ತದೆ ಎಂದು ವಿವರಿಸಿದರು. ಅಂಚು ಹತ್ತಿರವಿದ್ದರೆ ಕಾಂಕ್ರೀಟೇ ಹೋಳಾಗಿ ಸಿಡಿಯುತ್ತದೆ. ಬೋಲ್ಟು ಎಷ್ಟು ಗಟ್ಟಿಯಿದ್ದರೂ ಉಪಯೋಗವಿಲ್ಲ. ದೂರ ಅರ್ಧಕ್ಕಿಳಿದರೆ ಬಲ ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ. ಮೇಲೆ ಮೆತ್ತಿದ ಗಿಲಾವು ಲೆಕ್ಕಕ್ಕಿಲ್ಲ.

“ಇವರು ಅಳೆದಿದ್ದು ಗಿಲಾವಿನ ಅಂಚಿಂದ. ಕಾಂಕ್ರೀಟ್ ಹಾಕುವಾಗ ಅಚ್ಚಿನ ಹಲಗೆ ಜರುಗಿ ಕಟ್ಟೆ ಇಲ್ಲಿ ಒಳಕ್ಕೆ ಡೊಂಕಾಗಿದೆ. ಆ ಡೊಂಕು ಮುಚ್ಚಿದ್ದು ನೀವೇ ಅಲ್ವಾ, ಮೇಸ್ತ್ರಿ?”

ಮೇಸ್ತ್ರಿ ಹೆಗಲ ಮೇಲಿನ ಟವೆಲು ತೆಗೆದು ಮುಖ ಒರೆಸಿಕೊಂಡ. “ಎಲ್ಲಾ ಕಡೆ ಹಾಗೇ ಮಾಡ್ತೀವಿ. ನೋಡೋಕೆ ನೇರ ಇರ್ಲಿ ಅಂತ.”

“ನಾನು ಟೇಪು ಹಿಡಿದಾಗ ಇನ್ನೊಂದು ತುದಿ ಹಿಡ್ಕೊಂಡಿದ್ದೋರು ನೀವು, ಭಾವ,” ಎಂದ ಬೋಲ್ಟಣ್ಣ.

“ಹೇಳಿದ್ರೆ ಕಟ್ಟೆ ಕೆಡವಿಸ್ತಿದ್ರು ಕಣೋ.”

ಮ್ಯಾನೇಜರ್ ಫೋನು ಹಿಡಿದು ಆಚೆ ಹೋದ. ಬೋಲ್ಟಣ್ಣನ ಮೇಲಿನ ಆಪಾದನೆ ಕಳಚಿತ್ತು, ಆದರೆ ಎದೆ ಹಗುರಾಗಲಿಲ್ಲ. ಬಾಯಿಗೆ ಬಂದಂತೆ ಬೈಯಲು ಎದುರಿಗಿರುವವನು ಬೇರೆ ಯಾರಾದರೂ ಆಗಿರಬಾರದಿತ್ತೇ ಎನ್ನಿಸಿತು.

“ಅಕ್ಕನಿಗೆ ನಾನು ಹೇಳಲ್ಲ,” ಎಂದ ಕೊನೆಗೆ. “ನೀವೇ ಹೇಳಿ.”