ಜೇನುಹಳ್ಳದವರು ದೃಷ್ಟಿ ತೆಗೆದದ್ದು

ಬಹಳ ಬಹಳ ಹಿಂದೆ, ಎರಡು ರಾಜ್ಯಗಳ ನಡುವೆ ಜೇನುಹಳ್ಳ ಅಂತ ಒಂದು ಸೀಮೆ ಇತ್ತಂತೆ. ಮೂಡಣ ರಾಜ ಅದು ನಂದು ಅನ್ನೋನು, ಪಡುವಣ ರಾಜ ನಂದು ಅನ್ನೋನು. ಅಲ್ಲಿ ಬದುಕೋ ಜನರನ್ನು ಮಾತ್ರ ಯಾರೂ ಕೇಳಲಿಲ್ಲ.

ಮೂಡಣ ರಾಜ ಗೂಗೆಗಣ್ಣ ಅನ್ನೋ ಮಂತ್ರವಾದಿಯನ್ನು ಕಾವಲಿಗಿಟ್ಟ. ಅವನು ಬೂದಿ ಊದಿದ. ಮನೆಮನೆಯ ಗೋಡೆಗೂ ಒಂದೊಂದು ಕಣ್ಣು ಮೂಡಿತು. ಯಾರು ಬಂದರು, ಯಾರು ಹೋದರು, ಎಲ್ಲ ಅವನಿಗೆ ಕಾಣೋದು. "ಈ ಹಳ್ಳ ನಮ್ಮದು" ಅಂದದ್ದಕ್ಕೆ ಆ ಊರಿನ ದ್ಯಾಮವ್ವ ಅನ್ನೋಳ ಗಂಡ ಈರಭದ್ರನನ್ನು ಕಬ್ಬಿಣದ ಕೋಟೆಗೆ ಹಾಕಿದ.

"ನೆರೆಯವರ ಗುಟ್ಟು ಹೇಳು, ಬಿಡ್ತೀನಿ. ಇಲ್ಲಾ, ಹುಣ್ಣಿಮೆಗೆ ಇವನನ್ನು ಕಲ್ಲು ಮಾಡ್ತೀನಿ" ಅಂತ ದ್ಯಾಮವ್ವನಿಗೆ ಅಂದ. ದ್ಯಾಮವ್ವ ಸೆರಗು ಕೊಡವಿ ಮನೆಗೆ ನಡೆದಳು.

ಹುಣ್ಣಿಮೆ ಬಂದೇ ಬಂತು. ತೊಟ್ಟಿಲ ಕೂಸು ಬೆಳಗಿನಿಂದ ಅಳು ನಿಲ್ಲಿಸಲಿಲ್ಲ. ದ್ಯಾಮವ್ವ ಗೋಡೆಯ ಕಣ್ಣಿಗೆ ಕೌದಿ ಹೊದಿಸಿದಳು. ಕೌದಿಯಲ್ಲೇ ಕಣ್ಣು ಮೂಡಿತು. ಕೂಸನ್ನೆತ್ತಿಕೊಂಡು ನೆಲದಡಿಯ ಕಾಳಿನ ಹಗೇವಿಗೆ ಇಳಿದಳು. ಅಲ್ಲೂ ಒಂದು ಪಿಳಿಪಿಳಿ ಅಂತಿತ್ತು.

ಅತ್ತೆ ರೇಗಿದಳು. "ಅಯ್ಯೋ ಹುಚ್ಚೀ, ಇಷ್ಟು ಕಣ್ಣು ಬಿದ್ದರೆ ಕೂಸು ಅಳದೆ ಹಾಡ್ತದೇನೇ? ದೃಷ್ಟಿ ತೆಗಿ!"

ದ್ಯಾಮವ್ವ ಉಪ್ಪು, ಒಣಮೆಣಸಿನಕಾಯಿ ಹಿಡಿದು ಮೂರು ಸಲ ನಿವಾಳಿಸಿ ಕೆಂಡಕ್ಕೆ ಹಾಕಿದಳು. ಚಟಪಟ ಅಂತು. ಒಬ್ಬರಿಗೂ ಕೆಮ್ಮು ಬರಲಿಲ್ಲ.

"ನೋಡಿದ್ಯಾ, ಘಾಟೇ ಇಲ್ಲ! ದೃಷ್ಟಿ ಆಗಿರೋದು ಖರೆ. ಘಾಟು ಕಣ್ಣು ಹಾಕಿದವನಿಗೇ ಹೋಯ್ತು" ಅಂದಳು ಅತ್ತೆ.

ಗೋಡೆಯ ಕಣ್ಣು ಧಾರಾಕಾರ ನೀರು ಸುರಿಸುತ್ತಿತ್ತು! ದ್ಯಾಮವ್ವ ಬೀದಿಗೆ ಓಡಿದಳು. "ಅಕ್ಕಾ, ಚಿಗವ್ವಾ, ಇಡೀ ಊರಿಗೇ ದೃಷ್ಟಿ ಆಗ್ಯದೆ! ಮೆಣಸಿನಕಾಯಿ ತನ್ನಿ!"

ಬೀದಿ ಕಾಯೋ ಸಿಪಾಯಿ ಭರ್ಜಿ ಎತ್ತಿದ. "ಏನದು ಪಿತೂರಿ?"

"ದೃಷ್ಟಿ ತೆಗೀತಿದೀವಿ ಅಣ್ಣಾ. ನಿನಗೂ ತೆಗೀಲಾ?"

ಅವನು ಅತ್ತಿತ್ತ ನೋಡಿ ಕುಕ್ಕರಗಾಲಲ್ಲಿ ಕೂತ. "ತೆಗಿ ಅಕ್ಕಾ, ಮೂರು ದಿನದಿಂದ ತಲೆ ಸಿಡೀತಿದೆ."

ಮನೆಮನೆಯಲ್ಲೂ ಕೆಂಡ ಚಟಗುಟ್ಟಿತು. ಅತ್ತ ಕೋಟೆಯಲ್ಲಿ ಗೂಗೆಗಣ್ಣ ಈರಭದ್ರನನ್ನು ಕಲ್ಲು ಮಾಡೋ ಮಂತ್ರಕ್ಕೆ ಬಾಯಿ ತೆರೆದಿದ್ದ. ಬಂದದ್ದು ಸೀನು! ಒಂದು ಸೀನಿಗೆ ಬೀಗ ಕಳಚಿತು. ಎರಡನೆಯದಕ್ಕೆ ಬಾಗಿಲು ಬಿತ್ತು. ಮೂರನೆಯದಕ್ಕೆ ಊರಿನ ಕಣ್ಣೆಲ್ಲ ಮುಚ್ಚಿ ಉದುರಿದವು. ಮಂತ್ರವಾದಿ ಕಣ್ಣುಜ್ಜುತ್ತಾ ಏಳು ಗುಡ್ಡದಾಚೆ ಓಡಿದ.

ಮೂಡಣ ರಾಜ "ಆ ಹೆಂಗಸರ ತಂಟೆ ಬೇಡಪ್ಪಾ" ಅಂತ ದಂಡು ಹಿಂದಕ್ಕೆ ಕರೆಸಿದ. ಹಳ್ಳ ಹಿಡಿಯಲು ಹೊರಟಿದ್ದ ಪಡುವಣದವನು ಸುದ್ದಿ ಕೇಳಿ ಅರ್ಧ ದಾರಿಯಲ್ಲೇ ಕುದುರೆ ತಿರುಗಿಸಿದ.

ಈರಭದ್ರ ಮನೆಗೆ ಬಂದಾಗ ಕೂಸು ನಿದ್ದೆಹೋಗಿತ್ತು. ದ್ಯಾಮವ್ವ ಎದ್ದವಳೇ, ಯಾರು ನೋಡ್ತಾರೋ ಅನ್ನದೆ, ಗಂಡನ ಕೊರಳಿಗೆ ಜೋತುಬಿದ್ದಳು. ಅತ್ತೆ ಗೋಡೆಯ ಕಡೆ ಮುಖ ತಿರುಗಿಸಿ ನಕ್ಕಳಂತೆ. ಹೀಗೆ ಅವರೆಲ್ಲ ನೂರು ಕಾಲ ಸುಖವಾಗಿದ್ದರು.